ಲೆಕ್ಕಕ್ಕೆ ಬಾರದ ಪಾಚಿ

ಕಳೆದ ಚಳಿಗಾಲದ ಒಂದು ಭಾನುವಾರ ನಾವು ಸಂಘದ ವಾಚನಾಲಯಕ್ಕೆ ಹೋದಾಗ ಕೈಚೀಲದಲ್ಲಿ ಒಂದು ಗಾಜಿನ ಶೀಶೆಯಿತ್ತು. ಮನೆಯಲ್ಲಿ ಉಪ್ಪಿನಕಾಯಿ ತೀರಿ ಖಾಲಿಯಾದ ಶೀಶೆ. ಅದರಲ್ಲಿ ಅರ್ಧದಷ್ಟು ಖಾಡಿಯ ನೀರು. ನೀರಿನಲ್ಲಿ ಬೆರಳುದ್ದದ ಒಂದು ಬೇರಿನ ತುಂಡು. ತುಂಡಿನ ಮೇಲೆ ಕೂದಲೆಳೆಯಂತೆ ಹಬ್ಬಿದ ಕಂದುಗೆಂಪು ಬಣ್ಣದ ಏನೋ ಒಂದು. ಪತ್ರಿಕೆ ಓದುತ್ತ ಕುಳಿತಿದ್ದ ಧಾರವಾಡದ ಕಡೆಯ ಹಿರಿಯರೊಬ್ಬರು, "ಏನ್ರೀ ಅದು, ಔಷಧಾ ಏನು?" ಎಂದರು. ಅಲ್ಲ, ಸಮುದ್ರದ ಪಾಚಿ, ನಮ್ಮ ಕಟ್ಟಡದ ಹಿಂದೆ ಖಾಡಿಯ ದಡದಲ್ಲಿ ಮುರಿದು ಬಿದ್ದ ಬೇರಿನ ಮೇಲೆ ಸಿಕ್ಕಿತು, ಎಂದೆವು. ಅವರು ಕನ್ನಡಕವನ್ನು ಹಣೆಗೇರಿಸಿ ಶೀಶೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಸಾಕಷ್ಟು ಹೊತ್ತು ನೋಡಿದರು. "ಛಲೋ ಐತಿ. ಆದ್ರ ಇದರಿಂದ ಉಪಯೋಗ ಏನು?" ಎಂದು ಶೀಶೆಯನ್ನು ಹಿಂದಿರುಗಿಸಿದರು.

ನಮಗೆ ಉತ್ತರ ಹೊಳೆಯಲಿಲ್ಲ. ಅದಾದ ಮೇಲೂ ಲೋಕಲ್ ಗಾಡಿಯಲ್ಲಿ, ಆಫೀಸಿನ ಮೇಜಿನ ಮುಂದೆ, ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ.

ಪ್ರಶ್ನೆ ನ್ಯಾಯವಾದದ್ದೇ. ಊರು ಬಿಟ್ಟು ಮುಂಬಯಿಗೆ ಬಂದು ನೆಲೆಸಿದವರಲ್ಲಿ ಈ ಪ್ರಶ್ನೆಯನ್ನು ದಿನಕ್ಕೆ ಹತ್ತು ಸಲ ಕೇಳಿಕೊಳ್ಳದವರು ಯಾರಿದ್ದಾರೆ? ಹತ್ತಡಿಗೆ ಹತ್ತಡಿಯ ಖೋಲಿಯಲ್ಲಿ ಏನನ್ನು ಇಟ್ಟುಕೊಳ್ಳಬೇಕು, ಏನನ್ನು ಬಿಸಾಡಬೇಕು ಎಂಬುದನ್ನು ತೀರ್ಮಾನಿಸುವುದು ಇದೊಂದೇ ಪ್ರಶ್ನೆ. ನಮ್ಮ ಅಜ್ಜಿಯ ಕಡೆಗೋಲು ಊರಲ್ಲೇ ಉಳಿಯಿತು, ಕುಕ್ಕರು ಗಾಡಿ ಹತ್ತಿತು. ಹಾಗೆ ಕೇಳಿಕೊಂಡೇ ನಾವೆಲ್ಲ ಬಾಳನ್ನು ಕಟ್ಟಿದವರು. ಆದರೆ ಖೋಲಿಯೊಳಗಿನ ಸಾಮಾನಿಗೆ ಕೇಳುವ ಪ್ರಶ್ನೆಯನ್ನು ಖೋಲಿಯ ಹೊರಗಿನ ಜೀವಕ್ಕೂ ಕೇಳಬಹುದೇ, ಕೇಳಿ "ಇಲ್ಲ" ಎಂಬ ಉತ್ತರ ಬಂದರೆ ಮುಂದೇನು, ಎಂಬುದು ವಿಚಾರ ಮಾಡತಕ್ಕ ಸಂಗತಿ ಎಂದು ನಮಗೆ ತೋರಿತು. ಅದಕ್ಕಾಗಿ ಈ ಬರಹ.

ನಾವು ಕುಮಟೆಯ ಕಡೆಯವರು. ಅಘನಾಶಿನಿ ಸಮುದ್ರ ಸೇರುವ ಮೊದಲು ಅಗಲವಾಗಿ ಹರಡಿಕೊಳ್ಳುವ ಆ ಭಾಗದಲ್ಲಿ ಉಪ್ಪು ನೀರು ನುಗ್ಗುವ ಗಜನಿ ಗದ್ದೆಗಳುಂಟು. ಉಪ್ಪನ್ನು ತಾಳಿಕೊಳ್ಳುವ ಕಗ್ಗ ಎಂಬ ಭತ್ತವನ್ನು ಅಲ್ಲಿ ಬೆಳೆಯುತ್ತಾರೆ. ದಡದುದ್ದಕ್ಕೂ ಕಾಂಡ್ಲಾ ಗಿಡಗಳು. ಮುಂಬಯಿಗೆ ಬಂದ ಮೇಲೆ ಮರಾಠಿಯಲ್ಲಿ ಅದನ್ನೇ ಕಾಂದಳವನ ಎನ್ನುವುದನ್ನು ಕೇಳಿ, ದೂರದ ಊರಿನಲ್ಲಿ ದಾಯಾದಿಯನ್ನು ಕಂಡ ಹಾಗಾಗಿತ್ತು. ಬಿ.ಎಸ್‌ಸಿ.ಗೆ ಸಸ್ಯಶಾಸ್ತ್ರ ನಮ್ಮ ಒಂದು ವಿಷಯವಾಗಿತ್ತು. ಒಮ್ಮೆ ನಮ್ಮ ಅಧ್ಯಾಪಕರು ಹೆಡ್ ಬಂದರಿನ ಬಂಡೆಗಳ ಮೇಲೆ ನಮ್ಮನ್ನು ಮಂಡಿಯೂರಿಸಿ ಕೂರಿಸಿ, ಭೂತಗನ್ನಡಿಯಲ್ಲಿ ಪಾಚಿ ತೋರಿಸಿದ್ದರು. ಪರೀಕ್ಷೆಯಲ್ಲಿ ಅದರ ಬಗ್ಗೆ ಪ್ರಶ್ನೆ ಬರಲಿಲ್ಲ, ಆದ್ದರಿಂದ ಮರೆತೆವು. ಆಮೇಲೆ ಇಪ್ಪತ್ತು ವರ್ಷ ಕೇಂದ್ರ ಸರಕಾರದ ಕಡತಗಳ ನಡುವೆ ಕಳೆದಿದ್ದೇವೆ. ಈಗ ಕಾಲೇಜಿಗೆ ಹೋಗುತ್ತಿರುವ ನಮ್ಮ ಮಗಳು, 'ಮರೈನ್ ಲೈಫ್ ಆಫ್ ಮುಂಬಯಿ' ಎಂಬ ಹೆಸರಿನಲ್ಲಿ 2017ರಿಂದ ಕೆಲವು ಉತ್ಸಾಹಿಗಳು ಏರ್ಪಡಿಸುತ್ತ ಬಂದ ಕಡಲತೀರದ ನಡಿಗೆಯೊಂದಕ್ಕೆ ಹೋಗಿಬಂದು, "ಅಪ್ಪಾ, ನೀವು ಇದನ್ನೆಲ್ಲ ಓದಿದವರಲ್ಲವೇ?" ಎಂದು ಕೇಳಿದ್ದರಿಂದ ಹಳೆಯ ಭೂತಗನ್ನಡಿ ಮತ್ತೆ ಹೊರಬಂತು.

ಪಾಚಿಯ ವಿಷಯ ಸ್ವಲ್ಪ ಹೇಳದೆ ಮುಂದೆ ಹೋಗುವಂತಿಲ್ಲ. ಸಮುದ್ರದ ಪಾಚಿಗಳನ್ನು ಸ್ಥೂಲವಾಗಿ ಹಸಿರು, ಕಂದು, ಕೆಂಪು ಎಂದು ಮೂರು ಪಂಗಡ ಮಾಡುತ್ತಾರೆ. ಕೆಂಪು ಪಾಚಿಯಲ್ಲೂ ಹಸಿರು ಬಣ್ಣದ ಕ್ಲೋರೊಫಿಲ್ ಇದ್ದೇ ಇದೆ. ಫೈಕೋಎರಿಥ್ರಿನ್ ಎಂಬ ಕೆಂಪು ದ್ರವ್ಯ ಅದನ್ನು ಮುಚ್ಚಿರುತ್ತದೆ. ನೀರಿನೊಳಗೆ ಸೂರ್ಯನ ಕೆಂಪು ಬೆಳಕು ಬೇಗ ಇಂಗಿಹೋಗಿ ನೀಲಿ, ಹಸಿರು ಬೆಳಕು ಮಾತ್ರ ಆಳಕ್ಕೆ ಇಳಿಯುತ್ತದೆ. ಆ ಉಳಿದ ಬೆಳಕನ್ನು ಹಿಡಿದು ಅನ್ನ ಮಾಡಿಕೊಳ್ಳಲು ಈ ಕೆಂಪು ದ್ರವ್ಯ ಬೇಕು. ಜಪಾನಿನವರು ಅನ್ನಕ್ಕೆ ಸುತ್ತುವ ನೋರಿ ಎಂಬ ಹಾಳೆ ಇದೇ ಪಂಗಡದ್ದು. ಅದನ್ನು ಕೆಂಡದ ಮೇಲೆ ಹಿಡಿದರೆ ಕೆಂಪು ದ್ರವ್ಯ ಕೆಟ್ಟು, ಅಡಗಿದ್ದ ಹಸಿರು ಹೊರಬರುತ್ತದೆ.

ನಾವು ಶೀಶೆಯಲ್ಲಿ ಹಾಕಿಕೊಂಡು ಹೋದದ್ದು ಇಷ್ಟು ಪ್ರಸಿದ್ಧವಾದುದಲ್ಲ. ಕಾಂಡ್ಲಾ ಕಾಡಿನಲ್ಲಿ ಕೆಸರಿನಿಂದ ಪೆನ್ಸಿಲ್ ನೆಟ್ಟ ಹಾಗೆ ಮೇಲಕ್ಕೆ ಚಾಚಿಕೊಂಡಿರುವ ಉಸಿರುಬೇರುಗಳನ್ನು ಓದುಗರು ಐರೋಲಿ ಅಥವಾ ವಾಶಿ ಸೇತುವೆ ದಾಟುವಾಗ ನೋಡಿರಬಹುದು. ಮುಂಬಯಿಯ ಖಾಡಿಗಳಲ್ಲಿ ಹೆಚ್ಚಾಗಿರುವ, ಮರಾಠಿಯಲ್ಲಿ ತಿವರ ಎನ್ನುವ ಗಿಡದ ಬೇರುಗಳು ಅವು. ಆ ಬೇರುಗಳ ಮೇಲೆ, ಗಿಡದ ಬುಡದ ನೆರಳಿನಲ್ಲಿ, ನೆರಳು ಬೀಳುವ ಬಂಡೆಯ ಸಂದಿಯಲ್ಲಿ ಈ ಜಾತಿಯ ಸಣ್ಣ ಪಾಚಿಗಳು ಒಟ್ಟಾಗಿ ವಾಸಿಸುತ್ತವೆ. ಪ್ರಪಂಚದ ಬಿಸಿ ಪ್ರದೇಶಗಳ ಕಾಂಡ್ಲಾ ಕಾಡುಗಳಲ್ಲೆಲ್ಲ ಇದೇ ಒಂದು ಕೂಟ ಮತ್ತೆ ಮತ್ತೆ ಕಾಣಿಸುತ್ತದೆ ಎಂಬುದನ್ನು ಜರ್ಮನ್ ಸಸ್ಯಶಾಸ್ತ್ರಜ್ಞೆ ಎರಿಕಾ ಪೋಸ್ಟ್ 1936ರಲ್ಲಿ ವಿವರಿಸಿ ಬರೆದರು. ಕೂಟದ ಮುಖ್ಯ ಸದಸ್ಯರು ಮೂವರು: ಬೋಸ್ಟ್ರಿಕಿಯಾ, ಕ್ಯಾಲೊಗ್ಲೋಸಾ, ಕ್ಯಾಟೆನೆಲ್ಲಾ. ಹೆಸರುಗಳು ನಾಲಗೆಗೆ ಒಗ್ಗವು, ಅರ್ಥ ಮಾತ್ರ ಸೊಗಸಾಗಿದೆ. ಮೊದಲನೆಯದೆಂದರೆ ಗುಂಗುರು ಕೂದಲು. ಎರಡನೆಯದು ಚೆಲುವಾದ ನಾಲಗೆ. ಮೂರನೆಯದು ಪುಟ್ಟ ಸರಪಣಿ. ನಮ್ಮ ಶೀಶೆಯಲ್ಲಿದ್ದುದು ಮೊದಲನೆಯದರಂತೆ ಕಂಡಿತು. ಕನ್ನಡದಲ್ಲಿ ಇವಕ್ಕೆ ಹೆಸರಿದ್ದುದು ನಾವು ಕೇಳಿಲ್ಲ. ಪಾಚಿ ಎನ್ನುತ್ತೇವೆ, ಬಚ್ಚಲಲ್ಲಿ ಜಾರುವುದೂ ಪಾಚಿ, ಹಲ್ಲಿನ ಮೇಲಿನದೂ ಪಾಚಿ, ಇದೂ ಪಾಚಿ.

ಇವುಗಳ ಜೀವನಕ್ರಮವನ್ನು ಸ್ವಲ್ಪ ಯೋಚಿಸಿ ನೋಡಿ. ಮುಂಬಯಿಯಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನ ದೊಡ್ಡ ಉಬ್ಬರದಲ್ಲಿ ನೀರು ಸುಮಾರು 5 ಮೀಟರಿನವರೆಗೂ ಏರುವುದುಂಟು. ದಿನಕ್ಕೆರಡು ಸಲ ಮುಳುಗಬೇಕು, ಎರಡು ಸಲ ಗಾಳಿಗೆ ಬೀಳಬೇಕು. ಬೇಸಿಗೆಯ ಮಧ್ಯಾಹ್ನ ಇಳಿತವಾದರೆ ಎಳೆಗಳ ಮೇಲೆ ಉಪ್ಪು ಹರಳುಗಟ್ಟುವಷ್ಟು ಒಣಗುತ್ತದೆ. ಆಷಾಢದ ಮಳೆಯಲ್ಲಿ ಅದೇ ಎಳೆಗಳ ಸುತ್ತ ಬಹುಮಟ್ಟಿಗೆ ಸಿಹಿನೀರು. ಹೊರಗೆ ಉಪ್ಪು ಹೆಚ್ಚಾದಾಗ ಜೀವಕೋಶದೊಳಗಿನ ನೀರು ಹೊರಗೆ ಸೋರಿಹೋಗಬೇಕು, ಕಡಿಮೆಯಾದಾಗ ಹೊರಗಿನ ನೀರು ಒಳನುಗ್ಗಿ ಕೋಶ ಉಬ್ಬಬೇಕು. ಇದು ಭೌತಶಾಸ್ತ್ರದ ನಿಯಮ. ಈ ಪಾಚಿಗಳು ಅದಕ್ಕೊಂದು ಉಪಾಯ ಮಾಡಿಕೊಂಡಿವೆ. ಬೋಸ್ಟ್ರಿಕಿಯಾ ತನ್ನ ಕೋಶದಲ್ಲಿ ಸಾರ್ಬಿಟಾಲ್ ಎಂಬ ಸಕ್ಕರೆಯ ಬಳಗದ ವಸ್ತುವನ್ನು ತಯಾರಿಸುತ್ತದೆ, ಕ್ಯಾಲೊಗ್ಲೋಸಾದ್ದು ಮ್ಯಾನಿಟಾಲ್. ಹೊರಗೆ ಉಪ್ಪು ಏರಿದರೆ ಒಳಗೆ ಇದನ್ನು ಹೆಚ್ಚಿಸುತ್ತದೆ, ಇಳಿದರೆ ತಗ್ಗಿಸುತ್ತದೆ. ಜಮಾ ಖರ್ಚು ಸರಿತೂಗಿಸುವ ಈ ಕೆಲಸ ನಮ್ಮಂಥ ಗುಮಾಸ್ತರಿಗೆ ಬೇಗ ಅರ್ಥವಾಗುತ್ತದೆ. (ಸಾರ್ಬಿಟಾಲ್ ಎಂಬುದು ನಾವು ಬೆಳಗ್ಗೆ ಹಲ್ಲುಜ್ಜುವ ಪೇಸ್ಟಿನಲ್ಲೂ ಇರುತ್ತದೆ; ಟ್ಯೂಬಿನ ಹಿಂದೆ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ.)

ಇನ್ನೊಂದು ವಿಷಯ, ವಯಸ್ಸು. ರಾಮಾಯಣದ ಚಿತ್ರಕೂಟದ ಹೆಸರು ಕೇಳದವರಿಲ್ಲ. ಆ ಚಿತ್ರಕೂಟದ ಬಂಡೆಗಳಲ್ಲಿ ಸಿಕ್ಕ ಅತಿ ಸೂಕ್ಷ್ಮ ಪಳೆಯುಳಿಕೆಗಳನ್ನು ಸ್ವೀಡನ್ನಿನ ವಿಜ್ಞಾನಿಗಳು ಪರೀಕ್ಷಿಸಿ, 2017ರಲ್ಲಿ, ಅವು ಸುಮಾರು 160 ಕೋಟಿ ವರ್ಷಗಳಷ್ಟು ಹಳೆಯ ಕೆಂಪು ಪಾಚಿಯವೆಂದು ಪ್ರಕಟಿಸಿದರು. ಭೂಮಿಯ ಮೇಲೆ ಹೂವೆಂಬುದಿಲ್ಲದ, ಹುಲ್ಲಿಲ್ಲದ, ಮೀನಿಲ್ಲದ ಕಾಲ. ಉಪಯೋಗ ಏನು ಎಂದು ಕೇಳುವವರು ಹುಟ್ಟುವುದಕ್ಕೆ ಇನ್ನೂ ಬಹಳ ಅವಕಾಶವಿತ್ತು.

ಮುಂಬಯಿಯ ಪಾಚಿಗಳನ್ನು ಯಾರೂ ನೋಡಿಯೇ ಇಲ್ಲವೆಂದಲ್ಲ. ಫ್ರೆಡರಿಕ್ ಬೋರ್ಗೆಸನ್ ಎಂಬ ಡೆನ್ಮಾರ್ಕಿನ ವಿದ್ವಾಂಸರು 1927-28ರ ಚಳಿಗಾಲದಲ್ಲಿ ಇಲ್ಲಿಗೆ ಬಂದು ಪಾಚಿ ಸಂಗ್ರಹಿಸಿದರು. ಮುಂಬಯಿ ಪ್ರಾಂತ್ಯದ ಕರಾವಳಿಯ ಕೆಂಪು ಪಾಚಿಗಳ ಬಗ್ಗೆ ಅವರ ಲೇಖನಮಾಲೆ 1931ರಿಂದ 1934ರವರೆಗೆ ಇಂಗ್ಲೆಂಡಿನ ಕ್ಯೂ ಉದ್ಯಾನದ ಪತ್ರಿಕೆಯಲ್ಲಿ ಬಂತು. ಆಗ ನಮ್ಮ ಕಾರವಾರ, ಧಾರವಾಡ, ಬೆಳಗಾವಿ, ವಿಜಾಪುರಗಳೂ ಇದೇ ಮುಂಬಯಿ ಪ್ರಾಂತ್ಯದಲ್ಲಿದ್ದವು. ಇಲ್ಲಿ ಹುಟ್ಟಿ ಬೆಳೆದ ನಾವು ಕಾಲಿಟ್ಟು ಜಾರಿ ಬೀಳುವಾಗ ಮಾತ್ರ ಗಮನಿಸುವುದನ್ನು ನೋಡಲು ಅವರು ಹಡಗಿನಲ್ಲಿ ಬಂದಿದ್ದರು.

ಇರಲಿ. ಹಿರಿಯರ ಪ್ರಶ್ನೆಗೆ ಬರೋಣ. ಕೆಂಪು ಪಾಚಿಯಿಂದ ಉಪಯೋಗವಿದೆಯೇ ಎಂದರೆ, ಇದೆ ಎನ್ನುವುದು ಸುಲಭ. ಮನೆಯಲ್ಲಿ ಚೈನಾ ಗ್ರಾಸ್ ಹಾಕಿ ಮಕ್ಕಳಿಗೆ ಜೆಲ್ಲಿ ಮಾಡುತ್ತೇವಲ್ಲ, ಆ ಬಿಳಿಯ ಎಳೆಗಳು ಕೆಂಪು ಪಾಚಿಯಿಂದ ತೆಗೆದವು; ವಿಜ್ಞಾನದಲ್ಲಿ ಅದರ ಹೆಸರು ಅಗರ್. 1881ರಲ್ಲಿ ಜರ್ಮನಿಯ ರಾಬರ್ಟ್ ಕಾಖ್‌ರ ಪ್ರಯೋಗಶಾಲೆಯಲ್ಲಿ ರೋಗಾಣುಗಳನ್ನು ಬೆಳೆಸಲು ಜಿಲೆಟಿನ್ ಉಪಯೋಗಿಸುತ್ತಿದ್ದರು. ಬಿಸಿಗೆ ಅದು ಕರಗುತ್ತಿತ್ತು, ಕೆಲವು ಅಣುಜೀವಿಗಳು ಅದನ್ನೇ ತಿಂದು ನೀರು ಮಾಡುತ್ತಿದ್ದವು. ಅಲ್ಲಿನ ಸಹಾಯಕ ವಾಲ್ಟರ್ ಹೆಸ್ಸೆಯ ಪತ್ನಿ ಫ್ಯಾನಿ ಹೆಸ್ಸೆ, ತಾನು ಅಡುಗೆಮನೆಯಲ್ಲಿ ಜೆಲ್ಲಿಗೆ ಹಾಕುವ ಅಗರನ್ನು ಹಾಕಿ ನೋಡಿ ಎಂದರಂತೆ. ಇಂದಿಗೂ ಆಸ್ಪತ್ರೆಯ ಪ್ರಯೋಗಶಾಲೆಗಳಲ್ಲಿ ನಮ್ಮ ರಕ್ತ, ಮೂತ್ರಗಳಲ್ಲಿನ ರೋಗಾಣುಗಳನ್ನು ಬೆಳೆಸಿ ನೋಡುವುದು ಅದರ ಮೇಲೆಯೇ.

ಇದಕ್ಕಿಂತ ನಮ್ಮ ಮನಸ್ಸನ್ನು ಹಿಡಿದದ್ದು ಇನ್ನೊಂದು ಕಥೆ. ನೋರಿಯ ಪಾಚಿ, ಅಂದರೆ ಪಾರ್ಫೈರಾ, ಋತುವಿನಲ್ಲಿ ಕಾಣಿಸಿಕೊಂಡು ಆಮೇಲೆ ಮಾಯವಾಗುತ್ತದೆ. ನಮ್ಮ ಕೊಂಕಣ, ಕನ್ನಡ ಕರಾವಳಿಯ ಬಂಡೆಗಳಲ್ಲೂ ಅದರ ಒಂದು ಜಾತಿ ಮಳೆಗಾಲದಲ್ಲಿ ಬಂದು ಮಳೆ ಮುಗಿದಂತೆ ಕಾಣದಾಗುತ್ತದೆ. ಉಳಿದ ತಿಂಗಳು ಎಲ್ಲಿರುತ್ತದೆ? ಶತಮಾನಗಟ್ಟಲೆ ಬೆಳೆದು ತಿಂದ ಜಪಾನಿನವರಿಗೂ ಗೊತ್ತಿರಲಿಲ್ಲ. ಎರಡನೆಯ ಮಹಾಯುದ್ಧದ ನಂತರ ಅಲ್ಲಿ ಬೆಳೆ ಕೈಕೊಟ್ಟಾಗ ಬೀಜ ಎಲ್ಲಿಂದ ತರಬೇಕೆಂದು ತಿಳಿಯದೆ ಕಂಗಾಲಾದರು. ಉತ್ತರ ಸಿಕ್ಕಿದ್ದು ಇಂಗ್ಲೆಂಡಿನಲ್ಲಿ. ಕ್ಯಾಥ್ಲೀನ್ ಡ್ರೂ-ಬೇಕರ್ ಎಂಬ ವಿದುಷಿಗೆ 1928ರಲ್ಲಿ ಮದುವೆಯಾಯಿತು. ಮದುವೆಯಾದ ಹೆಂಗಸಿಗೆ ಅಧ್ಯಾಪಕಿಯ ಕೆಲಸವಿಲ್ಲವೆಂಬ ಆಗಿನ ನಿಯಮದಂತೆ ಕೆಲಸ ಹೋಯಿತು. ಹಾಗಿದ್ದೂ ಅವರು ಸಂಶೋಧನೆ ಬಿಡಲಿಲ್ಲ. ಚಿಪ್ಪುಗಳ ಮೇಲೆ ಗುಲಾಬಿ ಕಲೆಯಂತೆ ಹಬ್ಬುವ, ಕಾಂಕೋಸೆಲಿಸ್ ಎಂಬ ಹೆಸರಿನಲ್ಲಿ ಬೇರೆಯೇ ಜೀವಿ ಎಂದು ಎಲ್ಲರೂ ತಿಳಿದಿದ್ದ ವಸ್ತು, ಪಾರ್ಫೈರಾದ್ದೇ ಇನ್ನೊಂದು ಅವಸ್ಥೆ ಎಂದು 1949ರಲ್ಲಿ ತೋರಿಸಿದರು. ಅದರ ಆಧಾರದಿಂದ ಜಪಾನಿನವರು ಚಿಪ್ಪುಗಳಲ್ಲಿ ಬೀಜ ಬೆಳೆಸಲು ಕಲಿತರು. ಆಕೆ ಜಪಾನ್ ನೋಡಿದವರೇ ಅಲ್ಲ, 1957ರಲ್ಲಿ ತೀರಿಕೊಂಡರು. 1963ರಲ್ಲಿ ಕುಮಾಮೊಟೊ ಪ್ರಾಂತ್ಯದ ಉಟೊ ಎಂಬಲ್ಲಿ ಅವರ ಸ್ಮಾರಕ ನಿಲ್ಲಿಸಿದರು. ಪ್ರತಿವರ್ಷ ಏಪ್ರಿಲ್ 14ರಂದು ಅಲ್ಲಿ ಆಕೆಯನ್ನು 'ಸಮುದ್ರದ ತಾಯಿ' ಎಂದು ಸ್ಮರಿಸುತ್ತಾರೆ. ಚಿಪ್ಪಿನ ಮೇಲಿನ ಗುಲಾಬಿ ಕಲೆಯನ್ನು ತೋರಿಸಿ 1948ರಲ್ಲಿ ಯಾರಾದರೂ "ಇದರ ಉಪಯೋಗ ಏನು?" ಎಂದಿದ್ದರೆ, ಏನೂ ಇಲ್ಲವೆಂದೇ ಯಾರೂ ಹೇಳುತ್ತಿದ್ದರು.

ಇದನ್ನು ಹಿರಿಯರ ಮುಂದೆ ಹೇಳಿ ಗೆಲ್ಲಬಹುದೆಂದು ಒಂದು ಕ್ಷಣ ಅನ್ನಿಸಿತು. ಆಮೇಲೆ ಯೋಚಿಸಿದರೆ ಇದು ಮೋಸದ ಉತ್ತರ. ಅಗರ್ ಕೊಡುವುದು ಬೇರೆ ಪಾಚಿ, ನೋರಿ ಬೇರೆ ಪಾಚಿ. ದೊಡ್ಡಪ್ಪನ ಮಗ ಕಲೆಕ್ಟರನಾದರೆ ನಮಗೆ ಸಂಬಳ ಬರುತ್ತದೆಯೇ? ನಮ್ಮ ಖಾಡಿಯ ಗುಂಗುರು ಕೂದಲಿನಿಂದ ಯಾರ ಹೊಟ್ಟೆಯೂ ತುಂಬಿಲ್ಲ, ಯಾರ ಜ್ವರವೂ ಇಳಿದಿಲ್ಲ. ಮುಂದೆ ಎಂದಾದರೂ ಉಪಯೋಗ ಕಂಡೀತು ಎಂದು ಉಳಿಸಿಕೊಳ್ಳೋಣ ಎಂದರೆ, ಅದು ಹಳೆಯ ದಾರ, ಖಾಲಿ ಡಬ್ಬಿ ಕೂಡಿಡುವ ಬುದ್ಧಿ. ಮನೆ ಚಿಕ್ಕದಾದಾಗ ಡಬ್ಬಿಗಳೇ ಮೊದಲು ಹೊರಗೆ ಹೋಗುವುದು.

ನಮ್ಮ ಕಾಯಿದೆಗಳೂ ಬಹುಮಟ್ಟಿಗೆ ಇದೇ ಲೆಕ್ಕದ ಮೇಲೆ ನಡೆಯುತ್ತವೆ. ಮರೀನ್ ಡ್ರೈವಿನಿಂದ ವರಳಿಯವರೆಗೆ ಸಮುದ್ರ ತುಂಬಿ ಕೋಸ್ಟಲ್ ರೋಡ್ ಮಾಡಿದರು. 2024ರ ಮಾರ್ಚಿನಿಂದ ಅದು ಹಂತಹಂತವಾಗಿ ಸಂಚಾರಕ್ಕೆ ತೆರೆಯಿತು. ಕೆಲಸ ನಡೆಯುತ್ತಿದ್ದಾಗ ಹಾಜಿ ಅಲಿ, ವರಳಿಗಳ ಬಂಡೆಗಳಲ್ಲಿ ಹವಳದ ಜೀವಿಗಳಿರುವುದು ಕಂಡಿತು. ಹವಳವು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿದೆ, ಹುಲಿಯ ಸಾಲಿನಲ್ಲಿ. ಆದ್ದರಿಂದ ಅನುಮತಿ ಪಡೆದು, 2020ರಲ್ಲಿ ಅವನ್ನು ಜೋಪಾನವಾಗಿ ಕಿತ್ತು ಬೇರೆಡೆಗೆ ಸಾಗಿಸಿದರು. ಒಳ್ಳೆಯದೇ ಮಾಡಿದರು. ಆದರೆ ಅದೇ ಬಂಡೆಯ ಮೇಲೆ ಹವಳದ ಪಕ್ಕದಲ್ಲಿದ್ದ ಪಾಚಿ ಯಾವ ಅನುಸೂಚಿಯಲ್ಲೂ ಇಲ್ಲ; ಅದರ ಮೇಲೆ ಕಲ್ಲು ಬಿತ್ತು. ಪಟ್ಟಿ ಮಾಡುವವರ ತಪ್ಪೆಂದು ನಾವು ಹೇಳುತ್ತಿಲ್ಲ. ಪಟ್ಟಿ ಎಂದ ಮೇಲೆ ಹೊರಗುಳಿಯುವವರು ಇದ್ದೇ ಇರುತ್ತಾರೆ. ಕ್ವಾರ್ಟರ್ಸಿನ ಪಟ್ಟಿಯಲ್ಲಿ ಹದಿನಾಲ್ಕು ವರ್ಷ ಕಾದ ನಮಗೆ ಅದು ಗೊತ್ತು.

ಕಾಂಡ್ಲಾ ಗಿಡಗಳ ಭಾಗ್ಯ ಸ್ವಲ್ಪ ತೆರೆದದ್ದು 2005ರಲ್ಲಿ. ಆ ವರ್ಷದ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದು, ಮಿಠೀ ನದಿ ತನ್ನ ಹಳೆಯ ಜಾಗವನ್ನೆಲ್ಲ ವಾಪಸು ಕೇಳಿತು. ಅಂದು ಕುರ್ಲಾದಲ್ಲಿ, ಕಲೀನಾದಲ್ಲಿ ಎದೆಮಟ್ಟದ ನೀರಿನಲ್ಲಿ ನಡೆದವರು ಈ ಸಂಚಿಕೆಯ ಓದುಗರಲ್ಲೂ ಇದ್ದಾರೆ. ಜೌಗು ತುಂಬಿಸಿದ್ದರ ಫಲವಿದು ಎಂದು ಆಗ ಎಲ್ಲರ ಬಾಯಲ್ಲೂ ಬಂತು. ಬಾಂಬೇ ಎನ್ವಿರಾನ್‌ಮೆಂಟಲ್ ಆಕ್ಷನ್ ಗ್ರೂಪ್ ಸಲ್ಲಿಸಿದ್ದ ಅರ್ಜಿಯ ಮೇಲೆ ಅದೇ ವರ್ಷದ ಅಕ್ಟೋಬರ್ 6ರಂದು ಮುಂಬಯಿ ಹೈಕೋರ್ಟು, ಮಹಾರಾಷ್ಟ್ರದಲ್ಲೆಲ್ಲೂ ಕಾಂಡ್ಲಾ ಕಡಿಯಕೂಡದು, ಅಲ್ಲಿ ಡೆಬ್ರಿಸ್ ಸುರಿಯಕೂಡದು, ಸುತ್ತಲಿನ 50 ಮೀಟರಿನೊಳಗೆ ಕಟ್ಟಕೂಡದು ಎಂದು ಆಜ್ಞೆ ಮಾಡಿತು. 2018ರ ಸೆಪ್ಟೆಂಬರಿನ ಅಂತಿಮ ತೀರ್ಪಿನಲ್ಲಿ, ಕಾಂಡ್ಲಾ ನಾಶವೆಂದರೆ ನಾಗರಿಕರ ಬದುಕುವ ಹಕ್ಕಿಗೇ ಧಕ್ಕೆ ಎಂದಿತು. ಗಮನಿಸಿ, ಹಕ್ಕು ನಾಗರಿಕರದು. ನೆರೆ ತಡೆಯುತ್ತದೆ ಎಂದು ಗಿಡ ಉಳಿಯಿತು. ಗಿಡದ ಬೇರಿಗೆ ಅಂಟಿಕೊಂಡದ್ದರಿಂದ ಪಾಚಿ ಉಳಿಯಿತು.

ಇಷ್ಟೆಲ್ಲ ಬರೆಯುವ ಅಧಿಕಾರ ನಮಗಿದೆಯೇ ಎಂಬ ಪ್ರಶ್ನೆಯೂ ಇದೆ. ಅದನ್ನು ಮುಚ್ಚಿಡಲಾಗದು.

ನಾವಿರುವುದು ಠಾಣೆ ಖಾಡಿಯ ಕಡೆಗಿನ ಒಂದು ಉಪನಗರದಲ್ಲಿ, ನಾಲ್ಕು ಮಹಡಿಯ ಸೊಸೈಟಿಯಲ್ಲಿ. ಸಾಲ ಮಾಡಿ ಕೊಂಡ ಒಂದು ಬೆಡ್‌ರೂಮಿನ ಮನೆ. ಆ ಜಾಗವೂ ಹಿಂದೆ ಜೌಗೇ ಆಗಿತ್ತೆಂದು ಹಳಬರು ಹೇಳುತ್ತಾರೆ. ಮಳೆಗಾಲದಲ್ಲಿ ನೆಲಮಹಡಿಯ ಗೋಡೆಗೆ ಉಪ್ಪು ಹೂವಿಡುವುದನ್ನು ನೋಡಿದರೆ ನಂಬಲೇಬೇಕು. ಕಂಪೌಂಡಿನ ಹಿಂದೆ ಸ್ವಲ್ಪ ತಗ್ಗು, ಅದರಾಚೆ ತಿವರದ ಗಿಡಗಳು. ಎರಡು ವರ್ಷದ ಹಿಂದೆ ಸೊಸೈಟಿಯ ಸಭೆಯಲ್ಲಿ ಒಂದು ಮಾತು ಬಂತು. ಸಮೀಪದಲ್ಲಿ ಹಳೆಯ ಕಟ್ಟಡ ಕೆಡವುತ್ತಿದ್ದಾರೆ, ಡೆಬ್ರಿಸ್ ಪುಕ್ಕಟೆ ಸಿಗುತ್ತದೆ, ರಾತ್ರಿ ಹೊತ್ತು ನಾಲ್ಕು ಟ್ರಕ್ಕು ಸುರಿಸಿದರೆ ತಗ್ಗು ತುಂಬಿ ಹನ್ನೊಂದು ಕಾರು ನಿಲ್ಲುವಷ್ಟು ಜಾಗವಾಗುತ್ತದೆ, ಎಂದು. ಹೈಕೋರ್ಟಿನ ಆಜ್ಞೆ ನಮಗೆ ಗೊತ್ತಿತ್ತು. ಸರಕಾರಿ ನೌಕರರಾಗಿ ನಾವು ಎದ್ದು ಒಂದು ಮಾತು ಹೇಳಬೇಕಾಗಿತ್ತು. ಹೇಳಲಿಲ್ಲ. ಅದಕ್ಕೆ ಹಿಂದಿನ ವರ್ಷ ನಮ್ಮ ತಾಯಿಯವರನ್ನು ನಡುರಾತ್ರಿ ಆಸ್ಪತ್ರೆಗೆ ಒಯ್ಯುವಾಗ ತಮ್ಮ ಕಾರು ತೆಗೆದವರೇ ಆ ಸಲಹೆ ತಂದವರು. ಜೊತೆಗೆ, ಭಾಷೆ ಬೇರೆಯಾದ ಊರಿನಲ್ಲಿ ಎಲ್ಲರ ಎದುರು ನಿಂತು ಬೇಡವೆನ್ನುವ ಅಭ್ಯಾಸ ನಮಗಿಲ್ಲ. ಹೊಂದಿಕೊಂಡು ಹೋಗುವವರು ಎಂಬ ಹೆಸರನ್ನು ಇಪ್ಪತ್ತು ವರ್ಷ ಕಷ್ಟಪಟ್ಟು ಸಂಪಾದಿಸಿದ್ದೇವೆ. "ಎಲ್ಲರಿಗೂ ಒಪ್ಪಿಗೆಯೇ?" ಎಂದಾಗ ಎಲ್ಲರಂತೆ ಕೈ ಎತ್ತಿದೆವು. ನಮ್ಮಲ್ಲಿ ಕಾರಿಲ್ಲ.

ಮಳೆಗಾಲಕ್ಕೆ ಮುಂಚೆ ಟ್ರಕ್ಕುಗಳು ಬಂದವು. ಬೆಳಗ್ಗೆ ನೋಡಿದರೆ ಮುರಿದ ಟೈಲು, ಪ್ಲಾಸ್ಟರು, ಒಂದು ನೀಲಿ ಬಣ್ಣದ ಬಾಗಿಲಿನ ಚೌಕಟ್ಟು. ಅಂಚಿನ ಗಿಡಗಳು ಅರ್ಧ ಹೂತಿದ್ದವು. ಉಸಿರುಬೇರು ಮುಚ್ಚಿದರೆ ಗಿಡ ಉಸಿರಾಡುವುದು ಹೇಗೆ? ಕೆಲವು ತಿಂಗಳಲ್ಲಿ ಆರೇಳು ಗಿಡ ಒಣಗಿದವು. ಮಗಳು ಭೂತಗನ್ನಡಿ ಹೊರತೆಗೆಸಿದ್ದು ಇದಾದ ಮೇಲೆ. ನಾವು ಶೀಶೆಯಲ್ಲಿ ಒಯ್ದ ಬೇರಿನ ತುಂಡು ಅಂಥದೇ ಒಂದು ಗಿಡದ್ದು. ಇದನ್ನು ಅಂದು ವಾಚನಾಲಯದಲ್ಲಿ ಹೇಳಲಿಲ್ಲ.

ಬಡವರ ಮಾತು ತೆಗೆದು ಇದನ್ನೆಲ್ಲ ತಳ್ಳಿಹಾಕುವವರುಂಟು. ತಲೆಯ ಮೇಲೆ ಸೂರಿಲ್ಲದವರಿರುವಾಗ ಪಾಚಿಯ ಚಿಂತೆ ಶ್ರೀಮಂತರ ಶೋಕಿ ಎನ್ನುತ್ತಾರೆ. ಈ ಮಾತಿನಲ್ಲಿ ತೂಕವಿದೆ. ಖಾಡಿಯ ಅಂಚಿನಲ್ಲಿ ತಗಡಿನ ಗುಡಿಸಲು ಹಾಕಿಕೊಂಡ ಕುಟುಂಬದ ಮುಂದೆ ನಿಂತು ಗುಂಗುರು ಕೂದಲಿನ ಸೌಂದರ್ಯ ವರ್ಣಿಸುವ ಧೈರ್ಯ ನಮಗಿಲ್ಲ. ಅವರ ಅಗತ್ಯ ದೊಡ್ಡದೆಂದು ಒಪ್ಪುತ್ತೇವೆ. ಆದರೆ ನಮ್ಮ ಸೊಸೈಟಿಯ ಹಿಂದೆ ತುಂಬಿದ್ದು ಸೂರಿಗಾಗಿಯಲ್ಲ, ಹನ್ನೊಂದು ಕಾರಿಗೆ. ಬಡವರ ಹೆಸರಿನಲ್ಲಿ ಹೊರಡುವ ವಾದದಿಂದ ಲಾಭ ಪಡೆಯುವವರು ಯಾರೆಂದು ನೋಡುತ್ತ ಹೋದರೆ ಬಡವರು ಅಪರೂಪವಾಗಿಯೇ ಸಿಗುತ್ತಾರೆ. ನಮ್ಮಲ್ಲಿಗೆ ಮೀನು ತರುವ ಕೋಳಿ ಮಾವಶಿಯೊಬ್ಬರನ್ನು ಕೇಳಿದೆವು. ಆ ತಗ್ಗಿನಲ್ಲಿ ಅವರ ಮಕ್ಕಳು ನಿವಟಿ ಮೀನು, ಚಿಂಬೋರಿ ಏಡಿ ಹಿಡಿಯುತ್ತಿದ್ದರಂತೆ. ಪಾಚಿಯ ಉಪಯೋಗ ಏನೆಂದು ಕೇಳಿದಾಗ, "ನಿಮ್ಮಂಥವರ ಕಾಲು ಜಾರಿಸುವುದಕ್ಕೆ" ಎಂದು ನಕ್ಕರು.

ನಮ್ಮ ಹಿರಿಯರಲ್ಲಿ ಋಣವೆಂಬ ಒಂದು ಮಾತಿತ್ತು. ಗೃಹಸ್ಥನು ನಿತ್ಯ ಮಾಡಬೇಕಾದ ಪಂಚಮಹಾಯಜ್ಞಗಳಲ್ಲಿ ಭೂತಯಜ್ಞವೂ ಒಂದು. ಊಟಕ್ಕೆ ಮುಂಚೆ ಕಾಗೆಗೆ, ನಾಯಿಗೆ, ಇರುವೆಗೆ, ಹೆಸರು ಗೊತ್ತಿಲ್ಲದ ಜೀವಗಳಿಗೂ ಒಂದು ತುತ್ತು ತೆಗೆದಿಡುವುದು. ನಮ್ಮ ಅಜ್ಜಿ ಹಿತ್ತಲ ಕಲ್ಲಿನ ಮೇಲೆ ಅನ್ನ ಇಡುತ್ತಿದ್ದಳು. ಕಾಗೆಯಿಂದ ಏನು ಉಪಯೋಗ ಎಂದು ಅವಳು ಕೇಳಿದವಳಲ್ಲ. ಈ ನೆಲದಲ್ಲಿ ನಮಗಿಂತ ಮುಂಚೆ ಇದ್ದವರು, ಪಕ್ಕದಲ್ಲಿ ಇರುವವರು ಎಂಬುದೇ ಅವಳಿಗೆ ಸಾಕಾಗಿತ್ತು. ಆ ಪದ್ಧತಿಯಲ್ಲಿ ಮೂಢನಂಬಿಕೆಯೂ ಬೇಕಾದಷ್ಟು ಬೆರೆತಿತ್ತು, ನಾವು ಅದನ್ನು ಹೊಗಳಲು ಹೊರಟಿಲ್ಲ. ಆದರೆ ಉಪಯೋಗದ ಪ್ರಶ್ನೆಗಿಂತ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆ ಅದರಲ್ಲಿತ್ತೆಂದು ಈಗ ಅನ್ನಿಸುತ್ತದೆ: ಇಲ್ಲಿ ಮೊದಲು ಯಾರಿದ್ದರು? ಊರಿನ ಹಿತ್ತಲಿನ ಬಗ್ಗೆ ಈ ಪ್ರಶ್ನೆ ನಮಗೆ ಸಹಜವಾಗಿ ಬರುತ್ತದೆ. ಊರಿಗೆ ಹೋದಾಗ ಯಾರೋ ಒಂದು ಮಾವಿನ ಮರ ಕಡಿದಿದ್ದರೆ ಮೂರು ದಿನ ಅದೇ ಮಾತು. ಮುಂಬಯಿಯಲ್ಲಿ ಬರುವುದಿಲ್ಲ. ಇಲ್ಲಿ ನಾವು ನೆಂಟರು ಎಂಬ ಭಾವನೆ ಮಕ್ಕಳು ಹುಟ್ಟಿ ಬೆಳೆದ ಮೇಲೂ ಹೋಗಿಲ್ಲ. ನೆಂಟರಾದರೂ ಮನೆಯವರ ಪಾತ್ರೆ ಒಡೆಯುವುದಿಲ್ಲವಲ್ಲ ಎಂದು ಯಾರಾದರೂ ಕೇಳಿದರೆ ಏನು ಹೇಳೋಣ?

ಇಲ್ಲಿ ಒಂದು ಆಸೆಯನ್ನು ತಡೆಯಬೇಕಾಗಿ ಬಂತು. ಉಪ್ಪು ನೀರು, ಸಿಹಿನೀರು ಎರಡಕ್ಕೂ ಹೊಂದಿಕೊಂಡು, ಪರರ ಬೇರಿಗೆ ಅಂಟಿ, ಒಳಗೆ ಸ್ವಲ್ಪ ಸಿಹಿ ಉಳಿಸಿಕೊಂಡು ಬಾಳುವ ಈ ಪಾಚಿಯೇ ಹೊರನಾಡ ಕನ್ನಡಿಗ ಎಂದು ಬರೆದರೆ ರಾಜ್ಯೋತ್ಸವದ ಭಾಷಣಕ್ಕೆ ಬಹಳ ಚೆನ್ನಾಗಿರುತ್ತದೆ. ಅದರಲ್ಲೂ 'ಚೆಲುವಾದ ನಾಲಗೆ' ಎಂಬ ಹೆಸರು ಬೇರೆ ಇದೆ! ಆದರೆ ಹಾಗೆ ಮಾಡಿದರೆ ಅದನ್ನೂ ಒಂದು ಉಪಯೋಗಕ್ಕೆ ಹಚ್ಚಿದಂತಾಗುತ್ತದೆ. ಪಾಚಿಗೆ ನಮ್ಮ ಸುದ್ದಿ ಗೊತ್ತಿಲ್ಲ. 2022ರಲ್ಲಿ ಫ್ರಾನ್ಸಿನ ಸಂಶೋಧಕರು ಕಂಡುಕೊಂಡಂತೆ, ಒಂದು ಜಾತಿಯ ಕೆಂಪು ಪಾಚಿಯ ಗಂಡು ಕೋಶಗಳನ್ನು ಹೆಣ್ಣು ಗಿಡದವರೆಗೆ ಮುಟ್ಟಿಸಲು ಒಂದು ಸಣ್ಣ ಸಮುದ್ರಜೀವಿ ನೆರವಾಗುತ್ತದೆ, ಹೂವಿಗೆ ದುಂಬಿಯ ಹಾಗೆ. ಕೆಂಪು ಪಾಚಿಯ ಗಂಡು ಕೋಶಕ್ಕೆ ಈಜುವ ಬಾಲವಿಲ್ಲ. ಈ ವ್ಯವಹಾರದಲ್ಲಿ ಮನುಷ್ಯನಿಗೆ ಸ್ಥಾನವೇ ಇಲ್ಲ. ನಮ್ಮಿಂದ ಅದಕ್ಕೇನು ಉಪಯೋಗ ಎಂದು ಅದು ಕೇಳಬಹುದಾಗಿದ್ದರೆ, ನಾವು ಕೊಡಬಹುದಾದ ಉತ್ತರ ಮುರಿದ ಟೈಲು ಮತ್ತು ನೀಲಿ ಚೌಕಟ್ಟು.

ಆ ಹಿರಿಯರು ಮೊನ್ನೆ ಮತ್ತೆ ಸಿಕ್ಕಿದರು. ನಡೆದದ್ದನ್ನೆಲ್ಲ ಹೇಳಿಬಿಟ್ಟೆವು. ಅವರು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಇನ್ನೂ ಉಳದಾವೇನು?" ಎಂದರು. ಒಳಗಿನ ಸಾಲಿನ ಗಿಡಗಳ ಬೇರಿನ ಮೇಲೆ ಉಳಿದಿವೆ ಎಂದೆವು. "ಹಂಗಾರ ಒಂದ್ಸಲ ತೋರಸ್ರಿ" ಎಂದು, ಇಳಿತದ ವೇಳೆ ಕೇಳಿ ತಮ್ಮ ಡೈರಿಯಲ್ಲಿ ಬರೆದುಕೊಂಡರು.

ಮುಂದಿನ ತಿಂಗಳು ಸೊಸೈಟಿಯ ವಾರ್ಷಿಕ ಸಭೆ. ವಿಷಯಪಟ್ಟಿಯ ಐದನೆಯ ಅಂಶ, ಹಿಂಭಾಗದ ಪಾರ್ಕಿಂಗಿಗೆ ಇನ್ನಷ್ಟು ಭರ್ತಿ ಹಾಕಿ ಕಾಂಕ್ರೀಟು ಮಾಡಿಸುವುದು. ಇದಕ್ಕೆ ನಾವು ಅರ್ಧ ಪುಟದ ಆಕ್ಷೇಪಣೆ ಬರೆದಿದ್ದೇವೆ. ಮೊದಲು ಸುರಿದದ್ದಕ್ಕೆ ನಾವೂ ಕೈ ಎತ್ತಿದ್ದೆವು ಎಂಬುದನ್ನೂ ಅದರಲ್ಲಿ ಕಾಣಿಸಿದ್ದೇವೆ. ನಮ್ಮಾಕೆ ಓದಿ, "ಹೈಕೋರ್ಟಿನ ಮಾತು ಹಾಕಿದ್ದೀರಿ, ಸಾಕಲ್ಲ. ಆ ಪಾಚಿಯ ಹೆಸರು ಯಾಕೆ? ನಗುತ್ತಾರೆ" ಎಂದಳು. ಅವಳು ಹೇಳಿದ್ದು ನಿಜ. ಕಾಯಿದೆಯ ದೃಷ್ಟಿಯಿಂದ ಆ ಸಾಲಿಗೆ ಬೆಲೆಯಿಲ್ಲ. ಎರಡು ಸಲ ಹೊಡೆದುಹಾಕಿದೆವು. ಮೂರನೆಯ ಪ್ರತಿಯಲ್ಲಿ, ನಷ್ಟವಾಗುವವುಗಳ ವಿವರ ಎಂಬಲ್ಲಿ, ತಿವರದ ಗಿಡಗಳ ಕೆಳಗೆ ಮತ್ತೆ ಬರೆದಿದ್ದೇವೆ: ಬೋಸ್ಟ್ರಿಕಿಯಾ, ಒಂದು ಸಣ್ಣ ಕೆಂಪು ಪಾಚಿ.